ಅಳಿಯ ಹಾಕಿದ ಎಂಟು

ಡ್ರೈವಿಂಗ್ ಮೇಷ್ಟ್ರಿಗೆ ಈ ಲೋಕದ ಮೇಲೆ ಇದ್ದ ದೂರು ಒಂದೇ. ಊರಿನ ಅರ್ಧ ಜನಕ್ಕೆ ಕ್ಲಚ್ಚು, ಗೇರು, ಬ್ರೇಕುಗಳ ಬ್ರಹ್ಮಜ್ಞಾನವನ್ನು ಧಾರೆಯೆರೆದ ತಮ್ಮನ್ನು ಸ್ವಂತ ಮಾವನವರು ಒಂದೇ ಒಂದು ಸಲವೂ ಪಾಸು ಮಾಡಲಿಲ್ಲ ಎಂಬುದು. ಬೇರೆ ಅಳಿಯಂದಿರಿಗೆ ಮಾವನ ಆಸ್ತಿಯ ಮೇಲೆ ಕಣ್ಣಿದ್ದರೆ ನಮ್ಮ ಮೇಷ್ಟ್ರಿಗೆ ಮಾವನ ಬಾಯಿಂದ ಬರಬೇಕಾಗಿದ್ದ ಆ ಎರಡಕ್ಷರದ ಮೇಲೆ ಕಣ್ಣು. ಆಸ್ತಿಯಾದರೆ ಮಾವ ಹೋದ ಮೇಲಾದರೂ ಬರುತ್ತದೆ. ಇದು ಮಾವ ಇರುವಾಗಲೇ ಬರಬೇಕು, ಅದೂ ಅವರ ಬುದ್ಧಿ ನೆಟ್ಟಗಿರುವಾಗ ಬರಬೇಕಿತ್ತು. ಆ ಗಡುವು ಈಗ ಮೀರಿಹೋಗಿತ್ತು.

ಮಾವನವರು ಲೈಸೆನ್ಸ್ ಕೊಡುವ ಕಚೇರಿಯಲ್ಲಿ ವಾಹನ ಪರೀಕ್ಷೆಯ ಇನ್ಸ್‌ಪೆಕ್ಟರಾಗಿದ್ದವರು. ಮನೆಯವರೂ ಬೀದಿಯವರೂ ಈಗಲೂ ಅವರನ್ನು ಸಾಹೇಬರು ಎಂದೇ ಕರೆಯುತ್ತಾರೆ. ಮೈದಾನದಲ್ಲಿ ಸುಣ್ಣದಿಂದ ಎಳೆದ ಎಂಟರ ಪಕ್ಕ ಅವರು ಕೈಗಳನ್ನು ಹಿಂದೆ ಕಟ್ಟಿಕೊಂಡು ನಿಂತರೆಂದರೆ ಎಂಥ ಗಂಡುಗಲಿಗೂ ಹ್ಯಾಂಡಲ್ ನಡುಗುತ್ತಿತ್ತು. ಆಗಿನ್ನೂ ಮೀಸೆ ಮೂಡುತ್ತಿದ್ದ ನಮ್ಮ ಮೇಷ್ಟ್ರು ಅವರೆದುರು ಹೋದ ಸಲವೆಲ್ಲ ಫೇಲಾದರು. ಸಾಹೇಬರಿಗೆ ಊಟದ ಡಬ್ಬಿ ತರುತ್ತಿದ್ದ ಮಗಳನ್ನು ನೋಡಿ ಒಪ್ಪಿಸಿಕೊಂಡದ್ದಷ್ಟೇ ಆ ಓಡಾಟದ ಲಾಭ. ಮದುವೆಯ ಮಾತು ಬಂದಾಗ ಸಾಹೇಬರು ಕಡ್ಡಿ ಮುರಿದಂತೆ ಹೇಳಿದ್ದರು: "ಮಗಳನ್ನ ಕೊಡ್ತೀನಿ. ಲೈಸೆನ್ಸ್ ಮಾತ್ರ ಕೇಳಬೇಡಿ." ಕೊನೆಗೆ ಅವರು ರಜೆ ಹಾಕಿದ್ದಾಗ ಬದಲಿಗೆ ಬಂದ ಇನ್ಸ್‌ಪೆಕ್ಟರೊಬ್ಬರು ಮೇಷ್ಟ್ರನ್ನು ಪಾಸು ಮಾಡಿದರು. (ಆ ಲೈಸೆನ್ಸನ್ನು ಮಾವನವರು ಬಹಳ ಕಾಲ 'ಆ ತಾತ್ಕಾಲಿಕದ್ದು' ಎಂದೇ ಕರೆಯುತ್ತಿದ್ದರು.) ಮುಂದೆ ಮೇಷ್ಟ್ರು ತಮ್ಮದೇ ಡ್ರೈವಿಂಗ್ ಸ್ಕೂಲು ತೆರೆದಾಗ, ಅಳಿಯನ ಶಿಷ್ಯರು ಎಂಬ ಕಾರಣಕ್ಕೆ ಅಲ್ಲಿಂದ ಹೋದವರನ್ನೆಲ್ಲ ಸಾಹೇಬರು ಇನ್ನೂ ಬಿಗಿಯಾಗಿ ಜಾಲಾಡಿದರು. ನ್ಯಾಯವಂತರನ್ನು ಮಾವನಾಗಿ ಪಡೆಯುವುದು ಯಾವ ಜನ್ಮದ ಪಾಪವೋ ಎಂದು ಮೇಷ್ಟ್ರು ನಿಟ್ಟುಸಿರು ಬಿಡುತ್ತಿದ್ದರು.

ಈಗ ಸಾಹೇಬರಿಗೆ ಮರೆವಿನ ಕಾಯಿಲೆ. ಕನ್ನಡಕ ಎಲ್ಲಿಟ್ಟೆ ಎನ್ನುವ ಮರೆವಲ್ಲ, ಕನ್ನಡಕ ಯಾತಕ್ಕೆ ಎನ್ನುವ ಮರೆವು. ಊಟ ಮಾಡಿದ ತಟ್ಟೆ ಎದುರಿಗಿರುವಾಗಲೇ ಊಟ ಯಾವಾಗ ಎಂದು ಕೇಳುತ್ತಾರೆ. ಮಗಳನ್ನು ಹೆಚ್ಚಿನ ದಿನ ಗುರುತಿಸುತ್ತಾರೆ. ಅಳಿಯ ಎಂಬ ಪ್ರಾಣಿ ತಮಗೊಂದಿದೆ ಎಂಬುದು ಮಾತ್ರ ಅವರ ತಲೆಯಿಂದ ಪೂರ್ತಿ ಅಳಿಸಿಹೋಗಿತ್ತು. ಮೇಷ್ಟ್ರು ಎದುರಿಗೆ ಬಂದರೆ ಲಕ್ಷಣವಾಗಿ ನಮಸ್ಕಾರ ಮಾಡಿ, "ನಿಮ್ಮ ಕೆಲಸ ಆಯ್ತಾ? ಕೌಂಟರಲ್ಲಿ ವಿಚಾರಿಸಿ" ಎನ್ನುತ್ತಿದ್ದರು. ನಗು ಬಂದರೂ ಮೇಷ್ಟ್ರಿಗೆ ಒಳಗೆಲ್ಲೋ ಚುರುಕ್ಕೆನ್ನುತ್ತಿತ್ತು. ಇಷ್ಟು ವರ್ಷ ಜಗಳವಾಡಿದ ಮನುಷ್ಯ ಹೀಗೆ ಮರ್ಯಾದೆ ಕೊಟ್ಟುಬಿಟ್ಟರೆ ಯಾರಿಗಾದರೂ ಬೇಜಾರಾಗುತ್ತದೆ.

ಇಂತಿರಲಾಗಿ ಒಂದು ದಿನ ಸಾಹೇಬರು ಬಚ್ಚಲಿಂದ ಹಾಲಿಗೆ ಬರುವ ದಾರಿಯಲ್ಲಿ ಬಿದ್ದರು. ಪುಣ್ಯಕ್ಕೆ ಹಣೆ ಊದಿದ್ದು ಬಿಟ್ಟರೆ ಏನೂ ಆಗಲಿಲ್ಲ. ಆದರೆ ಡಾಕ್ಟರು ಮೂಳೆ ಸವೆದಿದೆ, ಇನ್ನೊಂದು ಸಲ ಬಿದ್ದು ಸೊಂಟದ ಮೂಳೆ ಮುರಿದರೆ ಮತ್ತೆ ಎದ್ದು ನಡೆಯುವ ಆಸೆ ಬಿಡಬೇಕು, ಕೈಗೊಂದು ಆಸರೆ ಬೇಕೇ ಬೇಕು ಎಂದರು. ನಡೆಸುವುದನ್ನು ನೋಡಿಕೊಳ್ಳಲು ಬಂದ ಫಿಸಿಯೋಥೆರಪಿಯ ಹೆಣ್ಣುಮಗಳು ಸಾಹೇಬರನ್ನು ಹಾಲಿನಲ್ಲಿ ಅತ್ತಿತ್ತ ನಡೆಸಿ, ಎರಡು ಕಿವಿಮಾತು ಹೇಳಿ ಹೋದಳು. ಒಂದು, ನಡೆಯುತ್ತಿರುವಾಗ ಹಿಂದಿನಿಂದ ಕೂಗಿ ಕರೆಯಬಾರದು, ಗಕ್ಕನೆ ತಿರುಗಿದರೆ ಬೀಳುತ್ತಾರೆ. ಇನ್ನೊಂದನ್ನು ಮೇಷ್ಟ್ರ ಮುಖ ನೋಡಿಯೇ ಹೇಳಿದಳು: "ಅವರಿಗೆ ಹೊಸದಾಗಿ ಏನೂ ಕಲಿಸೋಕೆ ಹೋಗಬೇಡಿ ಸಾರ್. ಹಿಡಿದು ನಡೆದರೆ ಸಾಕು, ಅಂಥದ್ದು ತನ್ನಿ. ಮುಂದೆ ಎರಡು ಚಕ್ರ, ಹಿಂದೆ ಎರಡು ಕಾಲು ಇರೋ ಸಾದಾ ವಾಕರ್. ಬ್ರೇಕು ಗೀಕು ಬೇಡ."

ಕಲಿಸೋಕೆ ಹೋಗಬೇಡಿ! ಈ ಮಾತನ್ನು ಬೇರೆ ಯಾರಿಗಾದರೂ ಹೇಳಿದ್ದರೆ ಆಗುತ್ತಿತ್ತು. ಬಲ ಯಾವುದು ಎಡ ಯಾವುದು ಗೊತ್ತಿಲ್ಲದವರನ್ನು ಹೆದ್ದಾರಿಗೆ ಹತ್ತಿಸಿದ ಮೇಷ್ಟ್ರಿಗೆ ಹೇಳಿದ್ದೇ ತಪ್ಪಾಯಿತು. ಬ್ರೇಕಿಲ್ಲದ ಗಾಡಿಯನ್ನು ಸಾಹೇಬರ ಕೈಗೆ ಕೊಡುವುದೆಂದರೆ ಅವರ ವೃತ್ತಿಗೇ ಅವಮಾನ ಎಂದು ಅವರು ಹೆಂಡತಿಯೆದುರು ವಾದಿಸಿದರು. ಹೆಂಡತಿ ಮನೆಯಲ್ಲೇ ಹೊಲಿಗೆ ಕ್ಲಾಸು ನಡೆಸುವಾಕೆ. ಕೊರಳಲ್ಲಿ ಸದಾ ಅಳತೆಯ ಟೇಪು. ಅಳೆಯದೆ ಬಟ್ಟೆ ಕತ್ತರಿಸುವವರನ್ನೂ ಕೇಳದೆ ಸಾಮಾನು ತರುವವರನ್ನೂ ಆಕೆ ಒಂದೇ ಸಾಲಿನಲ್ಲಿ ನಿಲ್ಲಿಸುತ್ತಿದ್ದಳು.

ಮೊದಲು ಒಂದು ಊರುಗೋಲು ಬಂತು. ಸಾಹೇಬರಿಗೆ ಕೋಲು ಬಹಳ ಹಿಡಿಸಿತು. ಅದನ್ನು ನೆಲಕ್ಕೆ ಊರುವುದೊಂದನ್ನು ಬಿಟ್ಟು ಮಿಕ್ಕ ಎಲ್ಲ ಕೆಲಸಕ್ಕೂ ಬಳಸಿದರು. ಹೊಲಿಗೆ ಕಲಿಯಲು ಬಂದವರನ್ನು ಬಾಗಿಲಲ್ಲೇ ಅಡ್ಡಗಟ್ಟಿ ನಿಲ್ಲಿಸಿದರು, ಹೊಲಿಗೆ ಮಷೀನಿನ ಚಕ್ರಕ್ಕೆ ಕುಟ್ಟಿ ಗಾಳಿ ಕಮ್ಮಿ ಎಂದರು. ಆಮೇಲೆ ನಾಲ್ಕು ಪಾದದ ಕೋಲು ಬಂತು. ಅದನ್ನವರು ಫೈಲಿನಂತೆ ಕಂಕುಳಲ್ಲಿ ಇರುಕಿಕೊಂಡು, ಆಸರೆಯಿಲ್ಲದೆ ಓಲಾಡುತ್ತ, ಹಿಂದಿಗಿಂತಲೂ ಜೋರಾಗಿ ನಡೆದರು. ಹೆಂಡತಿ ಎರಡೂ ಕೈ ಚಾಚಿಕೊಂಡು ಅಪ್ಪನ ಹಿಂದೆ ಹಿಂದೆ ಸುತ್ತಿದಳು. ಆಕೆಯ ಬಾಯಿಂದ ಆಗ ಬಂದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ.

ಆಗ ಮೇಷ್ಟ್ರು ತಮ್ಮ ಬ್ರಹ್ಮಾಸ್ತ್ರ ತಂದರು. ನಾಲ್ಕು ಚಕ್ರದ ವಾಕರ್. ಎರಡೂ ಹಿಡಿಗೆ ಸೈಕಲ್ಲಿನಂಥ ಬ್ರೇಕು, ದಣಿದರೆ ಕೂರಲು ಸೀಟು, ಸೀಟಿನ ಕೆಳಗೆ ಬುಟ್ಟಿ. ಆಸ್ಪತ್ರೆ ಸಾಮಾನಿನ ಅಂಗಡಿಯವನು ಮರೆವಿನವರಿಗೆ ಇದು ಬೇಡ ಸಾರ್ ಎಂದು ಹೇಳಿಯೂ ಇದ್ದ. ಮೇಷ್ಟ್ರು ಅವನಿಗೆ ತಮ್ಮ ಸ್ಕೂಲಿನ ವಿಳಾಸ ಕೊಟ್ಟು ಬಂದರು. ಅಷ್ಟು ಸಾಲದೆಂದು ಮನೆಯಲ್ಲಿ ಅದಕ್ಕೊಂದು ಗಂಟೆಯನ್ನೂ ಹಿಂದೆ ನೋಡುವ ಕನ್ನಡಿಯನ್ನೂ ಸಿಕ್ಕಿಸಿದರು. (ಕೆಂಪು 'ಎಲ್' ಬೋರ್ಡನ್ನೂ ಕಟ್ಟಲು ಹೋಗಿದ್ದರು. ಹೆಂಡತಿಯ ಕೈಯಲ್ಲಿ ಕತ್ತರಿ ಇದ್ದುದರಿಂದ ಸುಮ್ಮನಾದರು.)

ಮೊದಲು ಥಿಯರಿ ಕ್ಲಾಸು. ಸಾಹೇಬರು ಸೋಫಾದಲ್ಲಿ ಕುಳಿತು ಗಂಭೀರವಾಗಿ ಕೇಳಿದರು. ಇದೇನು ಎಂದರೆ ಬ್ರೇಕು ಎಂದರು, ಒತ್ತಿದರೆ ಏನಾಗುತ್ತದೆ ಎಂದರೆ ನಿಲ್ಲುತ್ತದೆ ಎಂದರು. ಇಂಥ ಶಿಷ್ಯ ಸಿಗಲು ಪುಣ್ಯ ಮಾಡಿರಬೇಕು ಎಂಬಂತೆ ಮೇಷ್ಟ್ರು ಹೆಂಡತಿಯ ಕಡೆ ಹುಬ್ಬು ಹಾರಿಸಿದರು. ಆಮೇಲೆ ಪ್ರಾಕ್ಟಿಕಲ್ಲು. ಸಾಹೇಬರು ಎದ್ದು ಹಿಡಿಗಳನ್ನು ಹಿಡಿದು ಒಂದು ಹೆಜ್ಜೆ ಇಟ್ಟರು. ವಾಕರ್ ಎರಡು ಹೆಜ್ಜೆ ಹೋಯಿತು. ಸಾಹೇಬರು ಅದನ್ನು ಹಿಡಿಯಲು ಹೋದರು, ಅದು ಮತ್ತೂ ಓಡಿತು. ಓಡುತ್ತಿದ್ದ ಗಾಡಿಯನ್ನು ನೋಡುವ ಬದಲು ಸಾಹೇಬರು ಪಕ್ಕದಲ್ಲಿದ್ದ ಮೇಷ್ಟ್ರತ್ತ ತಿರುಗಿ, "ಬ್ರೇಕ್ ಹಾಕ್ರೀ, ಬ್ರೇಕ್ ಹಾಕಿ" ಎಂದು ಗದರಿದರು. ಬ್ರೇಕು ಎಂದು ಹೇಳುವುದು ಇನ್ಸ್‌ಪೆಕ್ಟರ ಕೆಲಸ, ಹಾಕುವುದು ಪಕ್ಕದವನ ಕೆಲಸ. ಜೀವಮಾನವೆಲ್ಲ ನಡೆದುಬಂದ ಪದ್ಧತಿ ಅದು. ಮೇಷ್ಟ್ರೂ ತಮ್ಮ ಜೀವಮಾನದ ಪದ್ಧತಿಯಂತೆ ಬಲಗಾಲನ್ನು ನೆಲಕ್ಕೆ ಒತ್ತಿ ಹಿಡಿದರು. (ಕಾರಿನಲ್ಲಿ ಅವರ ಕಾಲ ಕೆಳಗೊಂದು ಬ್ರೇಕಿರುತ್ತದೆ. ಹಾಲಿನಲ್ಲಿ ಇರಲಿಲ್ಲ.) ಹೆಂಡತಿ ಹಾರಿ ಬಂದು ಅಪ್ಪನ ಸೊಂಟ ತಬ್ಬಿ ಹಿಡಿಯದಿದ್ದರೆ ಅವತ್ತೇ ಎಲ್ಲ ಮುಗಿದಿರುತ್ತಿತ್ತು. ವಾಕರ್ ತಾನೊಂದೇ ಹೋಗಿ ಗೋಡೆಗೆ ಗುದ್ದಿ ಗಂಟೆ ಬಾರಿಸಿತು.

ಅಪ್ಪನನ್ನು ಕೂರಿಸಿ ನೀರು ಕುಡಿಸಿದ ಮೇಲೆ ಆಕೆ ಗಂಡನ ಹತ್ತಿರ ಬಂದಳು. ಕೂಗಾಡುತ್ತಾಳೆ ಎಂದು ಮೇಷ್ಟ್ರು ತಲೆ ತಗ್ಗಿಸಿ ತಯಾರಾಗಿದ್ದರು. ಆಕೆ ಕೂಗಾಡಲಿಲ್ಲ.

"ಅಪ್ಪ ಈ ಸಲ ಬಿದ್ರೆ ಮತ್ತೆ ಏಳಲ್ಲ ರೀ. ನನ್ನ ಹೆಸರು ಮರೀಲಿ, ನಿಮ್ಮನ್ನ ಮರೀಲಿ, ಪರವಾಗಿಲ್ಲ. ಮನೆ ತುಂಬ ಓಡಾಡ್ಕೊಂಡು ಎಲ್ಲರನ್ನೂ ಗದರಿಸೋ ಅಪ್ಪ ಬೇಕು ನನಗೆ. ಹಾಸಿಗೆ ಮೇಲೆ ಬೇಡ."

ಮೇಷ್ಟ್ರು ಹೋಗಿ, ಫಿಸಿಯೋಥೆರಪಿಯ ಹೆಣ್ಣುಮಗಳು ಹೇಳಿದ್ದ ಸಾದಾ ವಾಕರನ್ನೇ ತಂದರು. ಹೆಂಡತಿ ಟೇಪು ಹಿಡಿದು ಅಪ್ಪನ ಮಣಿಕಟ್ಟಿನವರೆಗೆ ಅಳತೆ ತೆಗೆದು ಅದರ ಕಾಲುಗಳನ್ನು ಸರಿಮಾಡಿದಳು. ಹಿಡಿ ಕಣ್ಣಿಗೆ ಬೀಳಲಿ ಎಂದು ಕೆಂಪು ಬಟ್ಟೆ ಸುತ್ತಿ ಹೊಲಿದಳು. ಎಲ್ಲ ಸರಿಯಾಯಿತು, ಸಾಹೇಬರು ಮಾತ್ರ ಅದನ್ನು ಮುಟ್ಟಲಿಲ್ಲ. ಯಾರದಿದು ಎಂದು ಕೇಳಿದರು. ನಿಮ್ಮದೇ ಮಾವ ಎಂದರೆ ತಮ್ಮ ಗಾಡಿ ಆಫೀಸಿನ ಹಿಂದೆ ನಿಂತಿದೆ ಎಂದರು. ಮಗಳು ಕೈಹಿಡಿದು ಅದರ ಮೇಲಿಟ್ಟರೆ ಬೆಂಕಿ ತಗುಲಿದಂತೆ ಕೈ ಎಳೆದುಕೊಂಡು, ಪರೀಕ್ಷೆಗೆ ಬಂದ ಪಾರ್ಟಿಯವರ ಗಾಡಿ ತಾವು ಮುಟ್ಟುವುದಿಲ್ಲ ಎಂದು ಹಿಂದೆ ಕಟ್ಟಿಕೊಂಡರು. ಬೇಡಿಕೊಂಡದ್ದಾಯಿತು, ಪುಸಲಾಯಿಸಿದ್ದಾಯಿತು. ನ್ಯಾಯವಂತರು ಮರೆವಿನಲ್ಲೂ ನ್ಯಾಯವಂತರೇ.

ಒಂದು ಬೆಳಿಗ್ಗೆ ಮೇಷ್ಟ್ರಿಗೆ ತಲೆ ಕೆಟ್ಟುಹೋಯಿತು. ಸಾಹೇಬರು ಅಂಗಳದ ಅಂಚಿನಲ್ಲಿ ಕುರ್ಚಿ ಹಾಕಿಸಿಕೊಂಡು ಬಿಸಿಲಿಗೆ ಕೂತಿದ್ದರು. ಮೇಷ್ಟ್ರು ವಾಕರನ್ನು ತಾವೇ ಹಿಡಿದುಕೊಂಡು, ನೋಡಿ ಮಾವ, ಹೀಗೆ, ಇಷ್ಟೇ, ಎಂದು ಅಂಗಳದಲ್ಲಿ ದಡಬಡ ನಡೆದು ತೋರಿಸಿದರು. ಹೆಂಗಸರು ಕೂತು ಹೊಲಿಯುವ ಎರಡು ಸ್ಟೂಲುಗಳು ಅಲ್ಲಿದ್ದವು. ಅವುಗಳನ್ನು ಸುತ್ತಿ ಬರುವಷ್ಟರಲ್ಲಿ ಹಿಂದಿನಿಂದ ಒಂದು ದನಿ ಬಂತು. ಬಹಳ ದಿನದಿಂದ ಆ ಮನೆಯಲ್ಲಿ ಯಾರೂ ಕೇಳದಿದ್ದ ದನಿ.

"ನಿಲ್ಲಿಸಿ ಗಾಡಿ."

ಮೇಷ್ಟ್ರ ಬೆನ್ನಹುರಿ ತಾನಾಗಿ ನೆಟ್ಟಗಾಯಿತು. ಸಾಹೇಬರು ಎದ್ದು ನಿಂತಿದ್ದರು. ವಯಸ್ಸು ಮುಖದಿಂದ ಇಳಿದುಹೋಗಿತ್ತು. ಸ್ಟೂಲುಗಳ ಸುತ್ತ ಎಂಟು ಹಾಕಿ ಎಂದು ಕೈ ತೋರಿಸಿದರು. ಮೇಷ್ಟ್ರು ಹಾಕಿದರು. ಎರಡನೆಯ ಸ್ಟೂಲಿನ ಹತ್ತಿರ ವಾಕರಿನ ಕಾಲು ತಗುಲಿ ಸ್ಟೂಲು ಅಲುಗಿತು.

"ಫೇಲ್," ಎಂದರು ಸಾಹೇಬರು. "ಕಾಲು ನೋಡ್ಕೊಂಡು ಗಾಡಿ ಓಡಿಸ್ತೀರೇನ್ರೀ? ಕೊಡಿ ಇಲ್ಲಿ." ಮೇಷ್ಟ್ರ ಕೈಯಿಂದ ವಾಕರ್ ಕಿತ್ತುಕೊಂಡರು. ಗಾಡಿ ಮುಂದಕ್ಕೆ, ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ, ನಿಂತು ಮುಂದೆ ನೋಟ, ಮತ್ತೆ ಗಾಡಿ. ಫಿಸಿಯೋಥೆರಪಿಯವಳೇ ಬಂದು ಕಲಿಸಿದ್ದರೂ ಅಷ್ಟು ನೀಟಾಗಿ ಬರುತ್ತಿರಲಿಲ್ಲ. ಎಂಟು ಮುಗಿಸಿ, ಹೀಗೆ ಎಂದು ಹೇಳಿ, ವಾಕರ್ ಸಮೇತ ಹಾಲಿಗೆ ಹೋದರು, ಅಲ್ಲಿಂದ ಬಚ್ಚಲಿಗೂ ಹೋದರು. ಹೆಂಡತಿ ಬಾಗಿಲಲ್ಲಿ ನಿಂತು ಸೆರಗಿನಿಂದ ಕಣ್ಣೊರೆಸಿಕೊಂಡಳು. ಬಡ್ಡಿಮಗನ ಗಾಡಿ ಜಪ್ತಿಯಾಗಿದೆ ಎಂಬ ಖುಷಿಯಲ್ಲಿ ಸಾಹೇಬರು ಸಂಜೆಯವರೆಗೂ ಅದನ್ನು ಕೈಬಿಡಲಿಲ್ಲ.

ಮಾರನೆಯ ಬೆಳಿಗ್ಗೆ ಎಲ್ಲ ಮರೆತಿತ್ತು. ಯಾರದಿದು ಎಂದರು, ಕೈ ಹಿಂದೆ ಕಟ್ಟಿಕೊಂಡರು. ಹೆಂಡತಿ ಅಡುಗೆಮನೆಯಿಂದಲೇ ಹೇಳಿದಳು, "ಏನ್ರೀ, ಹೋಗಿ ಫೇಲಾಗಿ ಬನ್ನಿ. ಅಪ್ಪ ಬಚ್ಚಲಿಗೆ ಹೋಗಬೇಕು."

ಅಂದಿನಿಂದ ಅದೇ ದಿನಚರಿಯಾಯಿತು. ಅಳಿಯನ ಕುರುಡು ಬೆಳಗಾದರೆ ಗೊತ್ತಾಗುತ್ತೆ ಎಂಬ ಗಾದೆ ಕಟ್ಟಿದವನು ಈ ಅಂಗಳದ ಮುಂದೆಯೇ ಹಾದುಹೋಗಿದ್ದನೋ ಏನೋ. ದಿನಾ ಬೆಳಿಗ್ಗೆ ಮೇಷ್ಟ್ರು ಎಂಟು ಹಾಕಬೇಕು, ಫೇಲಾಗಬೇಕು, ಸಾಹೇಬರು ಬೈದು ಗಾಡಿ ಕಿತ್ತುಕೊಂಡು ಸರಿಯಾಗಿ ನಡೆಸಿ ತೋರಿಸಬೇಕು. ಒಂದು ದಿನ ಕೈಸನ್ನೆ ಮಾಡಲಿಲ್ಲ ಎಂದು ಫೇಲು, ಒಂದು ದಿನ ಹಲ್ಲು ಬಿಟ್ಟಿದ್ದಕ್ಕೆ ಫೇಲು. ಮೇಷ್ಟ್ರ ದುರದೃಷ್ಟಕ್ಕೆ ಬೆಳಗಿನ ಬ್ಯಾಚಿನ ಶಿಷ್ಯರು ಕಾರಿಗಾಗಿ ಕಾಯುವುದು ಅದೇ ಗೇಟಿನ ಹೊರಗೆ. ಅವರಲ್ಲಿ ಬ್ಯಾಂಕಿನ ಕ್ಯಾಷಿಯರ್ ಹೆಂಗಸೊಬ್ಬರಿದ್ದರು. ಕ್ಲಚ್ಚು ಬಿಟ್ಟಾಗಲೆಲ್ಲ ಗಾಡಿ ಆಫ್ ಮಾಡುವವರು. ಮೇಷ್ಟ್ರು ಅವರನ್ನು ಬೈಯದ ದಿನವಿಲ್ಲ. ಆಕೆ ಗೇಟಿಗೆ ಒರಗಿ ಒಂದು ಪರೀಕ್ಷೆಯನ್ನು ಪೂರ್ತಿ ನೋಡಿ, ಬಹಳ ಮರುಕದಿಂದ ಹೇಳಿದರು:

"ಟೆನ್ಷನ್ ಮಾಡ್ಕೋಬೇಡಿ ಸಾರ್. ಅಭ್ಯಾಸ ಮಾಡಿದ್ರೆ ಎಲ್ಲರಿಗೂ ಬರುತ್ತೆ."

ಅದು ಮೇಷ್ಟ್ರದೇ ಮಾತು. ಇಂಗು ತಿಂದ ಮಂಗನಂತಾಯಿತು ಅವರಿಗೆ. ಅಂದು ಸಂಜೆ ಸಾಹೇಬರು ಮಲಗಿದ್ದಾಗ ವಾಕರ್ ಎತ್ತಿಕೊಂಡು ಹಿತ್ತಲಿಗೆ ಹೋದರು. ಎರಡು ಬಕೆಟ್ ಇಟ್ಟು ಎಂಟು ಹಾಕಿದರು. ಮತ್ತೆ ಹಾಕಿದರು. ಅಡುಗೆಮನೆಯ ಕಿಟಕಿಯಿಂದ ಹೆಂಡತಿ, ಇದೇನು ವೇಷ ಎಂದು ಕೇಳಿದ್ದಕ್ಕೆ ವ್ಯಾಯಾಮ ಎಂದರು. ನಿಜ ಹೇಳಬೇಕೆಂದರೆ ಅವರಿಗೆ ಆಸೆ ಹುಟ್ಟಿತ್ತು. ಬದಲಿ ಇನ್ಸ್‌ಪೆಕ್ಟರ ಪಾಸು ಪಾಸೇ ಅಲ್ಲ. ಸಾಹೇಬರು ಇನ್ನೂ ಇದ್ದಾರೆ, ಆ ದನಿ ಇನ್ನೂ ಇದೆ, ಎಂಟೂ ಇದೆ. ಎಷ್ಟು ದಿನ ಇರುತ್ತದೋ ಯಾರಿಗೆ ಗೊತ್ತು? ಒಂದೇ ಒಂದು ಸಲ ಅವರ ಬಾಯಿಂದ ಆ ಮಾತು ಕೇಳಿಬಿಟ್ಟರೆ ಜನ್ಮ ಸಾರ್ಥಕ.

ಮಾರನೆಯ ಬೆಳಿಗ್ಗೆ ಮೇಷ್ಟ್ರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಅಂಗಳಕ್ಕಿಳಿದರು. ಗೇಟಿನಾಚೆ ಕ್ಯಾಷಿಯರಮ್ಮ ಬಂದು ನಿಂತಿದ್ದರು. ಮೇಷ್ಟ್ರು ಕಾಲು ನೋಡಲಿಲ್ಲ, ಹಲ್ಲು ಬಿಡಲಿಲ್ಲ. ತಿರುವಿನಲ್ಲಿ ಕೈಸನ್ನೆ ಮಾಡಿದರು. ಎರಡೂ ಸ್ಟೂಲುಗಳ ಸುತ್ತ ಚಕ್ರಗಳು ಗೆರೆ ಎಳೆದಂತೆ ಹರಿದವು. ಹೊರಟಲ್ಲಿಗೇ ಬಂದು ನಿಂತು ಉಸಿರು ಬಿಗಿಹಿಡಿದರು.

ಸಾಹೇಬರು ಎರಡೂ ಸ್ಟೂಲುಗಳನ್ನು ಒಂದೊಂದಾಗಿ ದಿಟ್ಟಿಸಿದರು. ಆಮೇಲೆ ಹತ್ತಿರ ಬಂದು ಕೈ ಚಾಚಿದರು.

"ಪಾಸು," ಎಂದರು.

ಮೇಷ್ಟ್ರಿಗೆ ಕಿವಿ ಗುಂಯ್ ಎಂದಿತು. ಸಾಹೇಬರು ಅವರ ಕೈ ಕುಲುಕಿ, "ಯಾರ್ರೀ ನಿಮಗೆ ಕಲಿಸಿದ್ದು? ನಿಮ್ಮ ಮೇಷ್ಟ್ರು ಬಹಳ ಚೆನ್ನಾಗಿ ಕಲಿಸಿದ್ದಾರೆ" ಎಂದರು. ನಾನೇ ಮಾವ, ಆ ಮೇಷ್ಟ್ರು ನಾನೇ, ಎಂದು ಹೇಳಬೇಕೆಂದು ಮೇಷ್ಟ್ರು ಬಾಯಿ ತೆರೆದರು. ಅಷ್ಟರಲ್ಲಿ ಗಂಡಸು ಎಂಬ ನಾಚಿಕೆಯೂ ಇಲ್ಲದೆ ಕಣ್ಣಲ್ಲಿ ನೀರು ತುಂಬಿಕೊಂಡಿತು. ಆ ನೀರಿನ ಮಂಜಿನಲ್ಲಿ ಮುಂದೆ ಆಗುತ್ತಿದ್ದುದು ಅವರಿಗೆ ತಡವಾಗಿ ಕಾಣಿಸಿತು.

"ಗಾಡಿ ತಗೊಂಡು ಹೊರಡಿ. ಮುಂದಿನವರು ಬರಲಿ," ಎಂದ ಸಾಹೇಬರು ಕೈಗಳನ್ನು ಹಿಂದೆ ಕಟ್ಟಿಕೊಂಡು, ಬೆನ್ನು ತಿರುಗಿಸಿ, ಬೀದಿಗಿಳಿಯುವ ಗೇಟಿನ ಮೆಟ್ಟಿಲುಗಳ ಕಡೆ ನಡೆಯತೊಡಗಿದ್ದರು. ಪಾಸಾದವನ ಗಾಡಿ ಪಾಸಾದವನದು. ಅದನ್ನು ಕಿತ್ತುಕೊಂಡು ನಡೆಸಿ ತೋರಿಸುವುದಕ್ಕೆ ಯಾವ ಕಾರಣವೂ ಉಳಿದಿರಲಿಲ್ಲ. ಬರಿಗೈಯಲ್ಲಿ ನಡೆಯುತ್ತಿದ್ದ ಆ ದೇಹ ಎಡಕ್ಕೊಮ್ಮೆ ಬಲಕ್ಕೊಮ್ಮೆ ಓಲಾಡುತ್ತಿತ್ತು. ಒಳಗೆ ಹೊಲಿಗೆ ಮಷೀನು ಓಡುತ್ತಿದ್ದುದರಿಂದ ಹೆಂಡತಿಗೆ ಏನೂ ಗೊತ್ತಿಲ್ಲ. ಮೇಷ್ಟ್ರ ಬಲಗಾಲು ತಾನಾಗಿ ನೆಲವನ್ನು ಒತ್ತಿತು. ಕೂಗಿದರೆ ತಿರುಗುತ್ತಾರೆ, ತಿರುಗಿದರೆ ಬೀಳುತ್ತಾರೆ. ಓಡಿ ಹೋಗಿ ಹಿಡಿದರೆ ಮೈಮೇಲೆ ಕೈ ಹಾಕಿದನೆಂದು ಕೊಸರಿಕೊಳ್ಳುತ್ತಾರೆ, ಆಗಲೂ ಬೀಳುತ್ತಾರೆ. ಮೆಟ್ಟಿಲು ಹತ್ತಿರವಾಗುತ್ತಿತ್ತು. ಜೀವಮಾನವೆಲ್ಲ ಕಾದು ಪಡೆದ ಪಾಸು ಕೈಗೆ ಬಂದು ಇನ್ನೂ ಬಿಸಿಯಾಗಿರುವಾಗಲೇ, ಅದರಿಂದ ಏನಾಗಲಿದೆ ಎಂಬುದು ಮೇಷ್ಟ್ರಿಗೆ ಸ್ಪಷ್ಟವಾಗಿ ಹೊಳೆಯಿತು.

ಮೇಷ್ಟ್ರು ವಾಕರನ್ನು ಎತ್ತಿ ಹಿಡಿದು, ಕಣ್ಣು ಮುಚ್ಚಿ, ಮೊದಲನೆಯ ಸ್ಟೂಲಿಗೆ ನುಗ್ಗಿದರು. ಸ್ಟೂಲು ಹಾರಿ ಎರಡನೆಯದಕ್ಕೆ ಬಡಿಯಿತು, ಎರಡನೆಯದು ಮೇಷ್ಟ್ರ ಮೊಣಕಾಲಿಗೆ ಬಡಿಯಿತು, ಇಸ್ತ್ರಿ ಮಾಡಿದ ಅಂಗಿಯ ಸಮೇತ ಮೇಷ್ಟ್ರು ಅಂಗಳದಲ್ಲಿ ಅಂಗಾತ ಬಿದ್ದರು.

ಗಾಡಿ ಗುದ್ದಿದ ಸದ್ದು ಕೇಳಿ ಸುಮ್ಮನೆ ಮುಂದೆ ಹೋಗುವ ಇನ್ಸ್‌ಪೆಕ್ಟರು ಹುಟ್ಟಿಲ್ಲ. ಸಾಹೇಬರು ನಿಂತರು. ಗಕ್ಕನೆ ತಿರುಗಲಿಲ್ಲ, ಅಪರಾಧಿ ಓಡಿಹೋಗಲಾರ ಎಂಬ ನೆಮ್ಮದಿಯಲ್ಲಿ ನಿಧಾನವಾಗಿ ತಿರುಗಿದರು. ಮೇಷ್ಟ್ರು ಬಿದ್ದಲ್ಲಿಂದಲೇ ಕಾಲಿನಿಂದ ವಾಕರನ್ನು ಅವರ ಕಡೆಗೆ ತಳ್ಳಿದರು. ಸಾಹೇಬರ ಎರಡೂ ಕೈಗಳು ಕೆಂಪು ಬಟ್ಟೆ ಸುತ್ತಿದ ಹಿಡಿಗಳನ್ನು ಗಟ್ಟಿಯಾಗಿ ಹಿಡಿದವು.

"ಈಗ ತಾನೇ ಪಾಸು ಮಾಡಿದೆನಲ್ರೀ ನಿಮ್ಮನ್ನ. ಅದು ರದ್ದು. ಫೇಲ್."

ಮೇಷ್ಟ್ರಿಗೆ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಸದ್ದು ಕೇಳಿ ಹೆಂಡತಿ ಹೊರಗೆ ಓಡಿ ಬಂದಳು. ಅಂಗಳದಲ್ಲಿ ಬಿದ್ದಿದ್ದ ಗಂಡನನ್ನು ದಾಟಿಕೊಂಡು ಹೋಗಿ, ನೆಟ್ಟಗೆ ನಿಂತಿದ್ದ ಅಪ್ಪನನ್ನು ಮೊದಲು ಮುಟ್ಟಿ ನೋಡಿದಳು. ಗೇಟಿನಾಚೆ ಕ್ಯಾಷಿಯರಮ್ಮ ಬಾಯಿಗೆ ಕೈ ಅಡ್ಡ ಹಿಡಿದಿದ್ದರು. ಅದು ಗಾಬರಿಗಲ್ಲ ಎಂಬುದು ಅವರ ಭುಜ ಕುಲುಕುತ್ತಿದ್ದುದರಿಂದ ತಿಳಿಯುತ್ತಿತ್ತು.

ಸಾಹೇಬರು ವಾಕರ್ ಹಿಡಿದು ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ ಇಟ್ಟು, ನಿಂತು ಮುಂದೆ ನೋಡಿ, ಮನೆಯ ಕಡೆಗೆ ಹೊರಟರು.

"ನಾಳೆ ಬರ್ತೀನಿ ಸಾರ್," ಎಂದರು ಮೇಷ್ಟ್ರು ನೆಲದಿಂದಲೇ, ಮೊಣಕಾಲು ಉಜ್ಜಿಕೊಳ್ಳುತ್ತ.

"ಬನ್ನಿ," ಎಂದರು ಸಾಹೇಬರು. "ಆದರೆ ಮೊದಲು ನಿಮ್ಮ ಮೇಷ್ಟ್ರನ್ನ ಬದಲಾಯಿಸಿ."